ಅಣ್ಣನ ಚೆಂಡು ಹಿಡಿಯುವ ಕೆಲಸ

ಹೋದ ಬೇಸಿಗೆಯಲ್ಲಿ ನಾನು ಸಾಫ್ಟ್‌ಬಾಲ್ ಆಡುವುದನ್ನು ಬಿಟ್ಟೆ. ನಾನು ಬಿಟ್ಟಿದ್ದರಿಂದ ಇನ್ನೊಬ್ಬರೂ ಬಿಡಬೇಕಾಯಿತು. ಅವರಿಗೆ ಬಿಡುವ ಮನಸ್ಸು ಸ್ವಲ್ಪವೂ ಇರಲಿಲ್ಲ.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ದಾಯಾದಿ. ಚೆಂಡು ದೊಡ್ಡ ಮೂಸಂಬಿಯಷ್ಟಿರುತ್ತದೆ. ಎಸೆಯುವವನು, ಅಂದರೆ ಪಿಚರ್, ಕೈಯನ್ನು ರಾಟೆಯ ಹಾಗೆ ಒಂದು ಸುತ್ತು ತಿರುಗಿಸಿ ಸೊಂಟದ ಹತ್ತಿರದಿಂದ ಬಿಡುತ್ತಾನೆ. ಬ್ಯಾಟಿನವನ ಬೆನ್ನಿಗೇ ಒಬ್ಬ ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿಕೊಂಡು, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಅವನು ಕ್ಯಾಚರ್. ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಬ್ಯಾಟಿಗೆ ಇನ್ನೂ ಹತ್ತಿರ. ನಮ್ಮ ತಂಡದಲ್ಲಿ ಆ ಕೆಲಸ ನನ್ನದಾಗಿತ್ತು.

ನನಗೆ ಆ ಕೆಲಸ ಸಿಕ್ಕಿದ್ದು ಊಟದ ಡಬ್ಬಿಯಿಂದ. ನಾನು ಈ ದೇಶಕ್ಕೆ ಬಂದದ್ದು ಹೆಂಡತಿಯ ವೀಸಾ ಮೇಲೆ. ಅವಳು ನರ್ಸ್. ನನಗೆ ಒನೆಹುಂಗಾ ಎಂಬ ಬಡಾವಣೆಯಲ್ಲಿ ಗೇಟು, ರೇಲಿಂಗು ಮಾಡುವ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ ಸಿಕ್ಕಿತು. ಬೆಳಗಿನ ಟೀ ಬಿಡುವಿಗೆ ಇಲ್ಲಿ ಸ್ಮೋಕೋ ಅನ್ನುತ್ತಾರೆ. ಎಲ್ಲರೂ ಬೆಂಚಿನ ಮೇಲೆ ಕೂತರೆ ನಾನು ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಚಿಕ್ಕಂದಿನಲ್ಲಿ ನಂಜನಗೂಡಿನ ಒಂದು ಸೈಕಲ್ ಶಾಪಿನಲ್ಲಿ ಬೆಳಿಗ್ಗೆಯಿಂದ ಸಂಜೆತನಕ ಹಾಗೇ ಕೂತು ಪಂಕ್ಚರ್ ಹಾಕುತ್ತಿದ್ದವನು ನಾನು. ಶಾಲೆಗೆ ಸೇರಿದ್ದು ಆಮೇಲೆ, ನನ್ನ ವಯಸ್ಸಿನವರು ಹೈಸ್ಕೂಲು ಮುಗಿಸುವ ಹೊತ್ತಿಗೆ.

ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಮಾವೊರಿ, ಅಂದರೆ ಈ ದೇಶದ ಮೂಲನಿವಾಸಿ, ಹಿರಿಯರೊಬ್ಬರು ಒಂದು ದಿನ ನನ್ನ ಎದುರು ಬಂದು ನಿಂತರು.

“ಬ್ರೋ, ಬೆಂಚಿಗೇನಾಗಿದೆ?”

“ಏನೂ ಆಗಿಲ್ಲ. ನನಗೆ ಹಿಂಗೇ ಅಭ್ಯಾಸ.”

“ಎಷ್ಟೊತ್ತು ಕೂರ್ತೀಯ ಹಂಗೆ?”

“ಊಟ ಮುಗಿಯೋವರೆಗೆ. ಬೇಕಾದ್ರೆ ಸಂಜೆವರೆಗೂ.”

ಅವರು ಬಗ್ಗಿ ನನ್ನ ಬೂಟು ನೋಡಿದರು. ಆಮೇಲೆ ಬೆಂಚಿನ ಕಡೆ ತಿರುಗಿ ಕೂಗಿದರು: “ಏಯ್, ಬಂದು ನೋಡ್ರೋ! ಇವನ ಹಿಮ್ಮಡಿ ನೆಲ ಬಿಟ್ಟೇ ಇಲ್ಲ!” ಮತ್ತೆ ನನ್ನ ಕಡೆ ತಿರುಗಿ, “ಶನಿವಾರ ಏನು ಕೆಲಸ ಇದೆ ನಿಂಗೆ?” ಅಂದರು.

ಅವರ ಕ್ಯಾಚರ್ ಆಸ್ಟ್ರೇಲಿಯಾಕ್ಕೆ ಹೋಗಿಬಿಟ್ಟಿದ್ದ. ಅವರು ಪಿಚರ್. ಹೀಗೆ ಶುರುವಾಯಿತು.

ಮೊದಲನೇ ಚೆಂಡು ನನ್ನ ಎದೆಗೆ ಬಿತ್ತು. ಎರಡನೆಯದು ಬೆರಳಿಗೆ. “ಚೆಂಡು ನೋಡ್ಬೇಡ, ನನ್ನ ಸೊಂಟ ನೋಡು” ಅಂದರು. ನೋಡುತ್ತಾ ನೋಡುತ್ತಾ ಬಂತು. ಅವರ ಒಂದು ಚೆಂಡು ಕೊನೇ ಗಳಿಗೆಯಲ್ಲಿ ಮೇಲಕ್ಕೆ ಏಳುತ್ತಿತ್ತು, ಯಾರೋ ಕೆಳಗಿನಿಂದ ತಟ್ಟಿದ ಹಾಗೆ. ಬ್ಯಾಟಿನವನು ಅದರ ಕೆಳಗೆ ಬೀಸುತ್ತಿದ್ದ. ಅದನ್ನು ಹಿಡಿಯುವುದು ಹೊಡೆಯುವುದಕ್ಕಿಂತ ಕಷ್ಟ. ಯಾವ ಚೆಂಡು ಬೇಕೆಂದು ನಾನು ತೊಡೆಗಳ ನಡುವೆ ಬೆರಳು ತೋರಿಸಬೇಕು, ಅವರು ತಲೆ ಆಡಿಸಬೇಕು. ಆಟ ಮುಗಿಯುವವರೆಗೆ ಅವರು ಮೈದಾನದಲ್ಲಿ ಬೇರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮನೆಯಲ್ಲಿ ಅವರಿಗೆ ಅಣ್ಣ ಅಂತ ಹೆಸರು ಬಿತ್ತು. ನ್ಯೂ ಲಿನ್‌ನ ನಮ್ಮ ಬೀದಿಗೆ ಶನಿವಾರ ಅವರ ಪಿಕಪ್ ಗಾಡಿ, ಇಲ್ಲಿನವರ ಮಾತಲ್ಲಿ ಯೂಟ್, ಬಂದು ನಿಂತರೆ ಹೆಂಡತಿ, “ನಿಮ್ಮಣ್ಣ ಬಂದ್ರು ನೋಡಿ, ಹಾರ್ನ್ ಹೊಡೀತಿದಾರೆ” ಅನ್ನುತ್ತಿದ್ದಳು. ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬರು, “ಏನ್ ಸಾರ್, ಕ್ರಿಕೆಟ್ ಬಿಟ್ಟು ಇದ್ಯಾವುದೋ ಆಡ್ತೀರಂತೆ?” ಎಂದು ಕೇಳಿದಾಗ, ಕ್ರಿಕೆಟ್ಟಿಗೆ ಯಾರೂ ನನ್ನನ್ನು ಕರೆದಿರಲಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಆಟ ಮುಗಿದ ಮೇಲೆ ಕ್ಲಬ್ಬಿನ ಆಂಟಿ ಸಾಸೇಜ್ ಸುಡುತ್ತಿದ್ದರು. ತಂಡದ ಮ್ಯಾನೇಜರ್ ಅವರೇ. ಎಲ್ಲರೂ ಅವರಿಗೆ ಆಂಟಿ ಅಂತಲೇ ಅನ್ನುತ್ತಿದ್ದರು. ನಾನು ಮಾಂಸ ತಿನ್ನದವನಾದ್ದರಿಂದ ಬ್ರೆಡ್ಡಿಗೆ ಬರೀ ಈರುಳ್ಳಿ, ಸಾಸು ಹಾಕಿಸಿಕೊಳ್ಳುತ್ತಿದ್ದೆ. “ಇವನ ಸಾಸೇಜ್ ಮನೇಲಿ ಮರೆತು ಬಂದಿದಾನೆ” ಎಂಬ ಜೋಕನ್ನು ಅಣ್ಣ ಪ್ರತಿ ವಾರವೂ ಹೇಳುತ್ತಿದ್ದರು. ಪ್ರತಿ ವಾರವೂ ಯಾರಾದರೊಬ್ಬರು ನಗುತ್ತಿದ್ದರು.

ವರ್ಷಗಳು ಹೀಗೇ ಹೋದವು. ಆಮೇಲೆ ನನ್ನ ಮೊಣಕಾಲು ಕೈಕೊಟ್ಟಿತು.

ಮೊದಮೊದಲು ಭಾನುವಾರ ಮಾತ್ರ ನೋವು. ಬರಬರುತ್ತಾ ಬುಧವಾರದವರೆಗೆ. ನಮ್ಮ ಕಡೆಯವರೇ ಆದ ಡಾಕ್ಟರೊಬ್ಬರು ಎಕ್ಸ್‌ರೇ ಫಿಲ್ಮ್ ನೋಡಿ, “ಸವೆದಿದೆ ಸಾರ್. ಕೂತು ಏಳೋದು ಬಿಟ್ಬಿಡಿ, ಅಷ್ಟೇ” ಅಂದರು. ಮನೆಗೆ ಬಂದ ಮೇಲೆ ಹೆಂಡತಿ ಶುರು ಮಾಡಿದಳು.

“ಮೆಟ್ಟಿಲು ಇಳಿಯಕ್ಕೆ ಗೋಡೆ ಹಿಡ್ಕೋತೀರ. ಅಲ್ಲಿ ಹೋಗಿ ಗಂಟೆಗಟ್ಲೆ ಕುಕ್ಕರಗಾಲು ಹಾಕ್ತೀರಲ್ರೀ! ನಾಳೆ ನನ್ನ ವಾರ್ಡಿಗೇ ಬಂದು ಮಲಗ್ತೀರ, ನೋಡ್ತಿರಿ.”

“ಇದೊಂದು ಸೀಸನ್ ಕಣೇ.”

“ಹಂಗಾದ್ರೆ ಇವತ್ತೇ ಅವ್ರಿಗೆ ಹೇಳಿ.”

ಹೇಳುವುದೇ ಕಷ್ಟವಾಗಿತ್ತು. ಒಂದು ಶನಿವಾರ ನೋವಿನಿಂದ ನಾನು ಹೋಗಿರಲಿಲ್ಲ. ನನ್ನ ಜಾಗದಲ್ಲಿ ಒಬ್ಬ ಹುಡುಗನನ್ನು ಕೂರಿಸಿದ್ದರು. ಅಣ್ಣನ ಚೆಂಡು ಒಂದೊಂದೂ ಅವನ ಗ್ಲೌಸ್ ದಾಟಿ ಹಿಂದಿನ ಬಲೆಗೆ ಹೋಯಿತಂತೆ. ಕ್ಯಾಚರ್ ಚೆಂಡು ಬಿಟ್ಟರೆ ಎದುರಿನವರು ರನ್ನಿಗೆ ಓಡುತ್ತಾರೆ. ಓಡಿದರಂತೆ. ಕೊನೆಗೆ ಅಣ್ಣ ಮೆಲ್ಲಗೆ ಎಸೆಯಲು ಶುರು ಮಾಡಿದರು, ಎಲ್ಲರೂ ಹೊಡೆದರು. ಸೋಮವಾರ ಶೆಡ್ಡಿನಲ್ಲಿ, “ನೀನಿಲ್ಲದೆ ಆಲೂಗಡ್ಡೆ ಎಸೆದು ಬಂದೆ ಬ್ರೋ” ಎಂದು ನಕ್ಕರು.

ಆವತ್ತು ನನಗೆ ಸ್ಪಷ್ಟವಾಯಿತು. ಚೆನ್ನಾಗಿ ಹಿಡಿಯುವ ಕ್ಯಾಚರ್‌ಗಳೆಲ್ಲ ಮೇಲಿನ ತಂಡಗಳಲ್ಲಿದ್ದರು. ಈ ವಯಸ್ಸಾದ ಪಿಚರ್‌ಗಾಗಿ ಯಾರೂ ಕೆಳಗಿಳಿದು ಬರುವವರಿಲ್ಲ. ನಾನು ಬಿಟ್ಟ ದಿನವೇ ಅವರ ಆಟವೂ ಮುಗಿದ ಹಾಗೆ. ಅವರ ಕೈಗೆ ಏನೂ ಆಗಿರಲಿಲ್ಲ. ಸವೆದದ್ದು ನನ್ನ ಮೊಣಕಾಲು.

ಯೂಟಿನಲ್ಲಿ ಹೋಗುವಾಗ ಪ್ರತಿ ವಾರವೂ ಬಾಯಿ ತೆಗೆಯಬೇಕೆಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು, “ನಿನ್ನ ಗ್ಲೌಸ್ ಹರಿದಿದೆ. ಮುಂದಿನ ಸೀಸನ್‌ಗೆ ಹೊಸದು ತಗೊಳ್ಳೋಣ” ಅನ್ನುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಕೊನೆಗೆ ನನಗೆ ತಿಳಿದ ದಾರಿ ಹಿಡಿದೆ. ನಮ್ಮ ಕಡೆ ಬೇಜಾರಿನ ಮಾತನ್ನು ನೇರವಾಗಿ ಮುಖಕ್ಕೆ ಹೇಳುವುದಿಲ್ಲ. ಹಿರಿಯರೊಬ್ಬರ ಬಾಯಲ್ಲಿ ಹೇಳಿಸುತ್ತೇವೆ, ಅದೇ ಮರ್ಯಾದೆ. ಸೈಕಲ್ ಶಾಪ್ ಬಿಟ್ಟು ಶಾಲೆಗೆ ಸೇರುತ್ತೇನೆಂದು ಸಾಹುಕಾರರಿಗೆ ಹೇಳಲು ನಾನು ಹೋಗಿರಲಿಲ್ಲ. ನನ್ನ ಸೋದರಮಾವ ಹೋಗಿ ಎಲೆಅಡಿಕೆ ಹಾಕಿಕೊಂಡು, ಮಳೆ ಬೆಳೆ ಮಾತಾಡಿ, ಏಳುವಾಗ ಹೇಳಿ ಬಂದಿದ್ದರು. ಇಲ್ಲಿ ಹಿರಿಯರೆಂದರೆ ನನಗೆ ಆಂಟಿ. ಒಂದು ಗುರುವಾರ ಪ್ರಾಕ್ಟೀಸ್ ಮುಗಿದ ಮೇಲೆ ಅವರ ಹತ್ತಿರ ಹೋಗಿ, ಮೊಣಕಾಲಿನ ಕತೆ ಹೇಳಿದೆ. ಈ ಸೀಸನ್ ಆದ ಮೇಲೆ ಬರುವುದಿಲ್ಲ ಎಂದೆ. ಅಣ್ಣನ ವಿಷಯವೇ ನನಗೆ ಚಿಂತೆ ಎಂದೆ.

ಆಂಟಿ ನನ್ನ ಬೆನ್ನು ತಟ್ಟಿದರು. “ಚಿಂತೆ ಮಾಡ್ಬೇಡ ಕಣಪ್ಪ, ನಾನು ನೋಡ್ಕೋತೀನಿ.”

ಅಣ್ಣನನ್ನು ಕರೆದು ಮೆಲ್ಲಗೆ ಹೇಳುತ್ತಾರೆ ಎಂದು ನಾನು ತಿಳಿದೆ. ಒಂದೇ ಗಾಡಿಯಲ್ಲಿ ಬರುವವರು, ಇಬ್ಬರೂ ಒಟ್ಟಿಗೆ ಬಿಡುವುದೆಂದು ಆಗಲೇ ಮಾತಾಡಿಕೊಂಡಿರುತ್ತಾರೆ ಎಂದು ಆಂಟಿ ತಿಳಿದರು.

ಶನಿವಾರ ಆಟ ಮುಗಿಯಿತು. ಎಲ್ಲರೂ ಬಾರ್ಬೆಕ್ಯೂ ಸುತ್ತ ನಿಂತಿದ್ದೆವು. ಆಂಟಿ ಇಕ್ಕಳದಿಂದ ಕಬ್ಬಿಣದ ತಟ್ಟೆಯನ್ನು ಟಣ್ ಟಣ್ ಎಂದು ಬಡಿದರು.

“ಕೇಳ್ರಪ್ಪ ಎಲ್ಲಾ! ಈ ಸೀಸನ್ನಿನ ಕೊನೇ ಮ್ಯಾಚೇ ನಮ್ಮ ಈ ಇಬ್ಬರು ಮುದುಕರ ಕೊನೇ ಮ್ಯಾಚು. ಯಾರೂ ತಪ್ಪಿಸಬಾರದು. ಆವತ್ತು ಕೇಕ್ ನಂದು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣನೂ, ಒಂದು ಕೈಯಲ್ಲಿ ಬ್ರೆಡ್ ಹಿಡಿದುಕೊಂಡು, ತೊಡೆಗೆ ತಟ್ಟಿದರು. ಯಾವ ಇಬ್ಬರು ಮುದುಕರು ಎಂದು ಆ ಕಡೆ ಈ ಕಡೆ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡಿತು. ಆಮೇಲೆ ನನ್ನನ್ನು ನೋಡಿದರು.

ನಾನು ನನ್ನ ಈರುಳ್ಳಿ ನೋಡಿಕೊಂಡೆ.

ಒಂದು ಕ್ಷಣ ಅಷ್ಟೆ. ಅಣ್ಣ ಬ್ರೆಡ್ಡನ್ನು ಮೇಲೆತ್ತಿ, “ಅಂತೂ ಇವತ್ತು ಗೊತ್ತಾಯ್ತು ನಾನು ಮುದುಕ ಅಂತ!” ಎಂದು ಕೂಗಿದರು. ಎಲ್ಲರೂ ನಕ್ಕರು. ಸಾಸೇಜಿನ ಜೋಕನ್ನು ಆವತ್ತು ಹೇಳಲಿಲ್ಲ.

ಯೂಟಿನಲ್ಲಿ ವಾಪಸ್ ಕರೆತಂದರು. ನಮ್ಮ ಮನೆ ಮುಂದೆ ಇಂಜಿನ್ ಆಫ್ ಮಾಡಿದರು.

“ಮೊಣಕಾಲಾ?”

“ಹೂಂ.”

“ನಂಗೆ ಗೊತ್ತಿತ್ತು. ಏಳುವಾಗ ನೆಲಕ್ಕೆ ಕೈ ಊರ್ತಿದ್ದೆ ನೀನು. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ.”

“ನಮ್ಮ ಕಡೆ ಹಂಗೇನೇ. ದೊಡ್ಡವರ ಕೈಲಿ ಹೇಳಿಸ್ತೀವಿ. ಮರ್ಯಾದೆಗೆ…”

“ನಿಮ್ಮ ಕಡೆ ಯಾರ ಮಾತು ಯಾರು ಹೇಳ್ತಾರೋ ನಂಗೇನು ಗೊತ್ತು ಬ್ರೋ. ಇಷ್ಟು ವರ್ಷ ನಾನು ನಿನ್ನ ಮುಖ ನೋಡ್ಕೊಂಡೇ ತಾನೆ ಚೆಂಡು ಎಸೆದಿದ್ದು?”

ಇಳಿದು ಗ್ಲೌಸ್ ತೆಗೆದುಕೊಂಡೆ. ಒಳಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. “ಅಯ್ಯೋ ಪಾಪ” ಎಂದಷ್ಟೇ ಹೇಳಿದಳು. ಬೈದಿದ್ದರೆ ವಾಸಿಯಿತ್ತು.

ಕೊನೇ ಮ್ಯಾಚಿನಲ್ಲಿ ಅಣ್ಣ ಎಸೆದ ಹಾಗೆ ಎಸೆದದ್ದನ್ನು ನಾನು ಅವರ ಜೊತೆ ಇದ್ದಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಆ ಮೇಲೇಳುವ ಚೆಂಡು ಒಂದಾದ ಮೇಲೊಂದು ಬಂತು. ಎದುರು ತಂಡದ ಹುಡುಗನೊಬ್ಬ ಬೀಸಿ, ಚೆಂಡು ತಗಲದೆ, “ಈ ತಾತ ರಿಟೈರ್ ಆಗ್ತಿರೋದಾ? ಯಾಕೆ?” ಎಂದು ನನ್ನನ್ನೇ ಕೇಳಿದ. ನನ್ನ ಅಂಗೈ ಗ್ಲೌಸಿನೊಳಗೆ ಉರಿಯುತ್ತಿತ್ತು. ಪ್ರತಿ ಸಲ ಚೆಂಡು ಬಂದು ಠಪ್ಪೆಂದಾಗಲೂ ಅದೇ ಪ್ರಶ್ನೆ ಕೇಳಿದ ಹಾಗಾಯಿತು. ಯಾಕೆ.

ಆಮೇಲೆ ಕೇಕ್. ಮಾತಾಡಿ ಎಂದು ಎಲ್ಲರೂ ಕೂಗಿದರು. ಅಣ್ಣ ಕುರ್ಚಿ ಹಿಡಿದು ನಿಂತು ಹಳೆಯದನ್ನೆಲ್ಲ ಹೇಳಿದರು. ಚಿಕ್ಕವರಿದ್ದಾಗ ಅಪ್ಪನ ಗಂಬೂಟಿನ ಜೋಡಿಯನ್ನು ಬೇಲಿ ಮುಂದೆ ನಿಲ್ಲಿಸಿ ಅದಕ್ಕೆ ಗುರಿಯಿಟ್ಟು ಎಸೆದು ಕಲಿತದ್ದು. ಬೆಟ್ ಕಟ್ಟಿ ಎಸೆದು ಯಾರದೋ ಕಾರಿನ ಗಾಜು ಒಡೆದದ್ದು. ಆಮೇಲೆ ಸ್ಮೋಕೋದಲ್ಲಿ ನಾನು ಸಿಕ್ಕಿದ್ದು. “ಹಿಮ್ಮಡಿ ನೋಡಿ ಇವನನ್ನ ಆರಿಸಿದೆ. ಕೈ ನೋಡಿದ್ರೆ ಆರಿಸ್ತಿರಲಿಲ್ಲ!” ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಅವರು, “ಒಟ್ಟಿಗೆ ಶುರು ಮಾಡಿದ್ವಿ, ಒಟ್ಟಿಗೆ ಬಿಡೋಣ ಅಂತ ಇಬ್ಬರೂ ಮಾತಾಡ್ಕೊಂಡ್ವಿ” ಅಂದರು.

ನಾವು ಮಾತಾಡಿಕೊಂಡಿರಲಿಲ್ಲ. ನನ್ನ ಮಾನ ಉಳಿಸಲು ಅಷ್ಟು ಜನರ ಮುಂದೆ ಸುಳ್ಳು ಹೇಳಿದರು. ತಂಡದ ಹುಡುಗರು ನಮ್ಮಿಬ್ಬರ ಎದುರು ನಿಂತು ಎದೆ ಬಡಿದುಕೊಂಡು, ಗೌರವ ತೋರಿಸುವ ಮಾವೊರಿ ಕುಣಿತವಾದ ಹಾಕಾ ಮಾಡಿದರು. ಅಣ್ಣ ಕಣ್ಣು ಮಿಟುಕಿಸದೆ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ನನ್ನ ಸರದಿ ಬಂದಾಗ ಥ್ಯಾಂಕ್ಯೂ ಎಂದು ಕೂತುಬಿಟ್ಟೆ. ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ಜನ ತಿಳಿದರು.

ಚಳಿಗಾಲವೆಲ್ಲ ಶೆಡ್ಡಿನಲ್ಲಿ ಅವರು ಎಂದಿನ ಹಾಗೇ ಇದ್ದರು. ಸ್ಮೋಕೋದಲ್ಲಿ ಈಗ ನಾನೂ ಬೆಂಚಿನ ಮೇಲೆ ಕೂರುತ್ತೇನೆ. ರಗ್ಬಿ, ಮಳೆ, ಟ್ರಾಫಿಕ್, ಎಲ್ಲ ಮಾತಾಡಿದೆವು. ಸಾಫ್ಟ್‌ಬಾಲ್ ಬಿಟ್ಟು.

ಹೊಸ ಸೀಸನ್ ಶುರುವಾದ ಶನಿವಾರ ತರಕಾರಿಗೆಂದು ಹೋದವನು ಮೈದಾನದ ಕಡೆ ಕಾರು ತಿರುಗಿಸಿದೆ. ಮೂಲೆಯ ಖಾಲಿ ಅಂಕಣದಲ್ಲಿ ಅಣ್ಣ ಒಬ್ಬರೇ ಇದ್ದರು. ಬಲೆಗೆ ಚೆಂಡು ಎಸೆಯುತ್ತಿದ್ದರು. ತಂದ ಚೆಂಡುಗಳೆಲ್ಲ ಮುಗಿದ ಮೇಲೆ ನಿಧಾನವಾಗಿ ನಡೆದು ಹೋಗಿ, ಒಂದೊಂದನ್ನೇ ಬಗ್ಗಿ ಎತ್ತಿಕೊಂಡು ವಾಪಸ್ ಬರುತ್ತಿದ್ದರು. ಬಲೆಗೆ ಬಿದ್ದ ಚೆಂಡು ಸದ್ದು ಮಾಡುವುದಿಲ್ಲ. ನಾನು ಕಾರಿನಿಂದ ಇಳಿಯದೆ ಮನೆಗೆ ಬಂದೆ. ತರಕಾರಿಯನ್ನೂ ತರಲಿಲ್ಲ.

ನಡೆದದ್ದನ್ನು ಕೇಳಿ ಹೆಂಡತಿ, “ಹೋಗಿ ಮಾತಾಡ್ಸಿ. ನೆಲದ ಮೇಲೆ ಕೂರಕ್ಕಾಗಲ್ಲ ಅಂದ್ರೆ ಪೂಜೆ ಮಣೆ ತಗೊಂಡು ಹೋಗಿ” ಅಂದಳು. ಇಲ್ಲೇ ಬೆಳೆದ ನಮ್ಮ ಮಗಳು ಫೋನಿನಿಂದ ತಲೆ ಎತ್ತದೆ, “ಟೂ ಲೋ, ಅಮ್ಮ. ಗಿವ್ ಹಿಮ್ ಎ ಬಕೆಟ್” ಅಂದಳು.

ಮುಂದಿನ ಶನಿವಾರ ಶೆಡ್ಡಿನ ಖಾಲಿ ಪೇಂಟ್ ಬಕೆಟ್ಟನ್ನು ಬಲೆಯ ಮುಂದೆ ಬೋರಲು ಹಾಕಿ, ಮೇಲೊಂದು ದಿಂಬು ಇಟ್ಟು ಕೂತೆ. ಅಣ್ಣ ಚೆಂಡು ಹಿಡಿದುಕೊಂಡೇ ನಿಂತರು.

“ಏನು, ಮೀನು ಹಿಡಿಯಕ್ಕೆ ಬಂದ್ಯಾ?”

“ಅಣ್ಣ, ಈ ಸಲ ನಾನೇ ಹೇಳ್ತೀನಿ. ಮ್ಯಾಚಿಗೆ ಬರಕ್ಕೆ ನನ್ನ ಕೈಲಾಗಲ್ಲ. ಆವತ್ತು ನಿಮಗೇ ಮೊದಲು ಹೇಳಬೇಕಿತ್ತು. ಹೇಳಲಿಲ್ಲ, ತಪ್ಪಾಯ್ತು. ಶನಿವಾರ ಇದರ ಮೇಲೆ ಕೂರಕ್ಕಾಗುತ್ತೆ.”

ಅಣ್ಣ ಅನ್ನುವ ಮಾತಿನ ಅರ್ಥ ಅವರಿಗೆ ನನ್ನ ಹೆಂಡತಿ ಎಂದೋ ಹೇಳಿಕೊಟ್ಟಿದ್ದಳು. ಅವರು ಚೆಂಡನ್ನು ಪ್ಯಾಂಟಿಗೆ ಉಜ್ಜಿದರು. ಆಮೇಲೆ, “ಮುಖಕ್ಕೆ ಜಾಲರಿ ಹಾಕೋ. ನಿನ್ನ ಹೆಂಡತಿ ಹತ್ರ ಬೈಸ್ಕೊಳ್ಳಕ್ಕೆ ನನ್ನ ಕೈಲಾಗಲ್ಲ” ಅಂದರು.

ಈಗ ಪ್ರತಿ ಶನಿವಾರ ಹೋಗುತ್ತೇನೆ. ಪಕ್ಕದ ಅಂಕಣದಲ್ಲಿ ನಮ್ಮ ತಂಡದ ಮ್ಯಾಚು ನಡೆಯುತ್ತಿರುತ್ತದೆ. ಅಲ್ಲಿ ಬೇರೆ ಯಾರೋ ಎಸೆಯುತ್ತಾರೆ, ಬೇರೆ ಯಾರೋ ಹಿಡಿಯುತ್ತಾರೆ, ಅಂಪೈರ್ ಕೂಗುತ್ತಾನೆ. ಬಕೆಟ್ ಮೇಲೆ ಕೂತವನನ್ನು ಆ ಗೆರೆಯೊಳಗೆ ಬಿಡುವುದಿಲ್ಲ. ಪ್ರತಿ ಚೆಂಡಿಗೂ ಮುಂಚೆ ಅಣ್ಣ ಒಂದು ಸಲ ಆ ಕಡೆ ನೋಡುತ್ತಾರೆ. ನಾನು ನೋಡಿಯೂ ನೋಡದವನ ಹಾಗೆ ಬೆರಳು ತೋರಿಸಿ ಕಾಯುತ್ತೇನೆ. ಅವರು ನನ್ನ ಕಡೆ ತಿರುಗಿ ತಲೆ ಆಡಿಸುತ್ತಾರೆ.