ಒಂದೇ ಮೊಳೆಯ ಎರಡು ಹೆಲ್ಮೆಟ್

ನಮ್ಮ ಮನೆಯ ಮುಂಬಾಗಿಲ ಹಿಂದೆ ಇದ್ದದ್ದು ಒಂದೇ ಮೊಳೆ. ಅದಕ್ಕೆ ಎರಡು ಹೆಲ್ಮೆಟ್ ತೂಗುತ್ತಿದ್ದವು. ನನ್ನದು ಹಳದಿ, ತಂಗಿಯದು ಬಿಳಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ, ಕಬ್ಬಿಣದ ಎರಕ ಹುಯ್ಯುವ ಒಂದೇ ಕಾರ್ಖಾನೆಯಲ್ಲಿ ನಮ್ಮಿಬ್ಬರಿಗೂ ಕೆಲಸ. ಅಲ್ಲಿ ನಮ್ಮಂಥ ಐಟಿಐ ಓದಿದವರಿಗೆ ಹಳದಿ, ಸೂಪರ್‌ವೈಸರು ಎಂಜಿನಿಯರುಗಳಿಗೆ ಬಿಳಿ. ಲಾಕರ್ ಇಲ್ಲವಾದ್ದರಿಂದ ಎಲ್ಲರೂ ಹೆಲ್ಮೆಟ್ಟನ್ನು ಮನೆಗೇ ತರುತ್ತೇವೆ.

ನಾನು ಹತ್ತನೇ ಕ್ಲಾಸು ಮುಗಿಸಿದಾಗ ಅಪ್ಪನ ಕೆಲಸ ತೂಗುಯ್ಯಾಲೆಯಲ್ಲಿತ್ತು. "ಐಟಿಐ ಮಾಡ್ಕೊಂಬಿಡು ಮಗಳೇ, ಬೇಗ ಕೈಗೊಂದು ಕೆಲ್ಸ ಸಿಗುತ್ತೆ" ಅಂದರು. ಮಾಡಿಕೊಂಡೆ. ತಂಗಿಯ ಸರದಿ ಬರುವಷ್ಟರಲ್ಲಿ ನನಗೆ ಸಂಬಳ ಬರುತ್ತಿತ್ತು, ಮನೆ ಸ್ವಲ್ಪ ಸುಧಾರಿಸಿಕೊಂಡಿತ್ತು. ಅವಳು ಎಂಜಿನಿಯರಿಂಗ್ ಓದಿದಳು. ಇಷ್ಟು ವರ್ಷ ದುಡಿದ ಮೇಲೆ ನನಗೆ ಬರುತ್ತಿದ್ದುದಕ್ಕಿಂತ ಅವಳ ಮೊದಲ ತಿಂಗಳ ಸಂಬಳವೇ ಹೆಚ್ಚಿತ್ತು. ಅವತ್ತು ಅಮ್ಮ ಪಾಯಸ ಮಾಡಿದ್ದಳು. ನನಗೆ ಖುಷಿಯೂ ಆಗಿತ್ತು, ಹೊಟ್ಟೆಯೂ ಉರಿದಿತ್ತು. ಸುಳ್ಳು ಯಾಕೆ ಹೇಳಲಿ? ಎರಡು ಲೋಟ ಪಾಯಸ ಮಾತ್ರ ಬಿಡಲಿಲ್ಲ.

ಕಾರ್ಖಾನೆಯೊಳಗೆ ನಾನು ಅವಳನ್ನು 'ಮೇಡಂ' ಅನ್ನಬೇಕು. ಮನೆಗೆ ಬಂದ ಮೇಲೆ ಅದೇ ಮೇಡಂ ನನ್ನ ತೊಡೆಯ ಮೇಲೆ ತಲೆಯಿಟ್ಟು ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ.

ಈಚೆಗೆ ನಮ್ಮ ತಪಾಸಣೆ ವಿಭಾಗದಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಯಿತು. ಡಿಪ್ಲೊಮಾ ಬೇಕು, ಒಳ್ಳೆಯ ಅನುಭವ ಇದ್ದವರನ್ನೂ ನೋಡ್ತೀವಿ ಅಂದರು. ನಾನೂ ಹೆಸರು ಕೊಟ್ಟೆ. ಅಲ್ಲಿಂದ ಶುರುವಾಯಿತು ನೋಡಿ. ಬೆಳಗಿನ ಶಿಫ್ಟಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದರೆ ಸಾಕು, ಕಣ್ಣು ತೆರೆದೇ ಇದ್ದರೂ ಕನಸು. ಹೊರಗೆ ಭದ್ರೆಯ ಮೇಲಿನ ಮಂಜು ಗದ್ದೆಗಳ ಮೇಲೆ ಹರಡಿರುತ್ತಿತ್ತು. ಆ ಬಿಳುಪಿನೊಳಗೆ ನಾನು ಬಿಳಿ ಹೆಲ್ಮೆಟ್ ಹಾಕಿಕೊಂಡು ಮೆಲ್ಲಗೆ ನಡೆಯುತ್ತಿರುತ್ತಿದ್ದೆ. ಎತ್ತ ಹೋಗುತ್ತಿದ್ದೇನೆ ಎಂಬುದು ಮಾತ್ರ ಒಂದು ದಿನವೂ ಗೊತ್ತಾಗಲಿಲ್ಲ. "ಎಲ್ಲೋ ನೋಡ್ತಾಳೆ, ಎಲ್ಲೋ ಇಡ್ತಾಳೆ" ಅಂತ ಅಮ್ಮನ ಗೊಣಗಾಟ.

ಸಂದರ್ಶನದ ದಿನ ಬೆಳಿಗ್ಗೆ ಕರೆಂಟಿರಲಿಲ್ಲ. ಕತ್ತಲಲ್ಲಿ ಮೊಳೆಗೆ ಕೈಹಾಕಿ, ಸಿಕ್ಕಿದ್ದನ್ನು ಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಓಡಿದೆ. ಗೇಟಿನಲ್ಲಿ ನೋಡದೆಯೇ ತಲೆಗೇರಿಸಿದೆ. ದಿನಾ "ಏನ್ ಮಾರಾಯ್ತಿ, ನಿದ್ದೆ ಹೋಗಿಲ್ವಾ ಇನ್ನೂ?" ಅನ್ನುವ ಸೆಕ್ಯುರಿಟಿಯವರು ಕುರ್ಚಿ ಬಿಟ್ಟೆದ್ದು, "ಗುಡ್ ಮಾರ್ನಿಂಗ್ ಮೇಡಂ" ಅಂದರು. ಮಂಜಿನಲ್ಲಿ ಅವರ ಕಣ್ಣು ನನ್ನ ಮುಖದವರೆಗೆ ಇಳಿದೇ ಇರಲಿಲ್ಲ. ಅಂಗಳದಲ್ಲಿ ಟ್ರಾಲಿ ತಳ್ಳುತ್ತಿದ್ದವರು ಬದಿಗೆ ಸರಿದು ದಾರಿ ಬಿಟ್ಟರು. ಇದೇನಪ್ಪಾ, ಕನಸೇ ಮುಂದುವರಿದಿದೆಯಾ ಅನ್ನಿಸಿತು. ತಪಾಸಣೆ ಕೋಣೆಯ ಗಾಜಿನಲ್ಲಿ ನೋಡಿಕೊಂಡಾಗಲೇ ಗೊತ್ತಾಗಿದ್ದು, ತಲೆಯ ಮೇಲಿರುವುದು ತಂಗಿಯದು.

ತಕ್ಷಣ ತೆಗೆಯಬೇಕಿತ್ತು. ತೆಗೆಯಲಿಲ್ಲ. ಗಾಜಿನ ಮುಂದೆ ಹಾಗೇ ನಿಂತುಬಿಟ್ಟೆ. ಹೊರಗೆ ಕುಲುಮೆಯ ಕೆಂಪು ಮಂಜಿಗೆ ಹತ್ತಿಕೊಂಡಿತ್ತು, ಗಾಜಿನೊಳಗಿದ್ದ ಹೆಂಗಸು ನನಗಿಂತ ಸ್ವಲ್ಪ ಎತ್ತರ ಕಂಡಳು. ಎಷ್ಟು ಚೆನ್ನಾಗಿದ್ದಳು! ವಿಚಿತ್ರ ಅಂದರೆ ಬಿಳಿ ಹೆಲ್ಮೆಟ್ ನನ್ನ ಹಳದಿಯಷ್ಟೇ ಭಾರವಿತ್ತು.

ಆಫೀಸಿನವರ ವ್ಯಾನು ಆಮೇಲೆ ಬರುವುದು. ಅದರಿಂದ ಇಳಿದ ತಂಗಿ ನನ್ನ ಹಳದಿ ಹೆಲ್ಮೆಟ್ ಹಾಕಿಕೊಂಡು, ಬುಸುಗುಡುತ್ತಾ ಬಂದಳು.

"ಅಕ್ಕ, ಟ್ರಾಲಿಯವ್ರು ನಂಗೆ 'ಏಯ್ ಸರಿ ಆಚೆ' ಅಂದ್ರು ಕಣೆ!"

"ದಿನಾ ಹಂಗೇ ಅಂತಾರೆ ಮೇಡಂ" ಅಂದೆ.

ಇಬ್ಬರೂ ನಕ್ಕೆವು. ಹೆಲ್ಮೆಟ್ ಬದಲಾಯಿಸಿಕೊಳ್ಳುವಾಗ ಅವಳ ನಗು ನನ್ನದಕ್ಕಿಂತ ಮುಂಚೆ ನಿಂತಿತು.

ಮಧ್ಯಾಹ್ನ ಸಂದರ್ಶನ. ಮೇಜಿನ ಆಚೆ ಮ್ಯಾನೇಜರು, ಪಕ್ಕದಲ್ಲಿ ವಿಭಾಗದ ಎಂಜಿನಿಯರು, ಅಂದರೆ ನನ್ನ ತಂಗಿ. ತಾನು ಕೂರುವುದಿಲ್ಲ ಅಂತ ಅವಳು ಮೊದಲೇ ಹೇಳಿದ್ದಳು. "ಭದ್ರಾವತಿಯವರಲ್ಲಿ ಯಾರು ಯಾರಿಗೆ ಸಂಬಂಧ ಇಲ್ಲ ಹೇಳಿ" ಅಂತ ಮ್ಯಾನೇಜರು ನಕ್ಕು ಕೂರಿಸಿದ್ದರಂತೆ. ಮೊದಲ ಪ್ರಶ್ನೆ ಅವಳದೇ.

"ಏನ್ ಓದಿದೀರಿ?"

ನನ್ನ ಐಟಿಐ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟವಳು ಕೇಳುತ್ತಿದ್ದಾಳೆ. ಅವಳ ಕಣ್ಣು ಮೇಜಿನ ಮೇಲಿತ್ತು.

"ಐಟಿಐ, ಮೇಡಂ."

ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಮ್ಯಾನೇಜರು ಒಳ್ಳೆಯ ಮನುಷ್ಯರು, ತಲೆಯಾಡಿಸುತ್ತಲೇ ಇದ್ದರು. ಆದರೆ ಸಂಜೆಗೆ ಗೊತ್ತಾಯಿತು. ಆ ಜಾಗ ಡಿಪ್ಲೊಮಾ ಮುಗಿಸಿ ಹೋದ ವರ್ಷ ಸೇರಿದ್ದ ಆಲ್ಕೊಳದ ಹುಡುಗಿಗೆ ಹೋಗಿತ್ತು.

ಮನೆಗೆ ಬಂದ ತಂಗಿಯ ಮೇಲೆ ಹರಿಹಾಯ್ದೆ. "ಒಂದ್ ಮಾತು ಆಡಿದ್ರೆ ನಿನ್ನ ಗಂಟೇನ್ ಹೋಗ್ತಿತ್ತೇ?"

"ಆಡ್ದೆ ಅಕ್ಕ, ನೀನು ಆಚೆ ಹೋದ್ಮೇಲೆ. ಅಕ್ಕ ಅನ್ನೋ ಅಭಿಮಾನ ಇರುತ್ತೆ ಬಿಡಿ ಅಂದ್ರು ಮ್ಯಾನೇಜರು." ಅವಳು ಚೀಲ ಕೆಳಗಿಟ್ಟಳು. "ನಾನು ಓದಿದ್ದು ನಿನ್ ಸಂಬಳದಲ್ಲಿ. ಅದ್ನ ಅಲ್ಲಿ ಹೆಂಗೆ ಹೇಳ್ಲಿ?"

ಅಷ್ಟರಲ್ಲಿ ಬಾಗಿಲ ಹತ್ತಿರ ಸುತ್ತಿಗೆಯ ಸದ್ದು. ಬೆಳಗಿನ ಅದಲುಬದಲಿನ ಕಥೆಯನ್ನು ಅಮ್ಮನಿಂದ ಕೇಳಿದ್ದ ಅಪ್ಪ, ಬಾಗಿಲ ಇನ್ನೊಂದು ಬದಿಗೆ ಹೊಸ ಮೊಳೆ ಹೊಡೆಯುತ್ತಿದ್ದರು.

"ಇನ್ಮೇಲೆ ನಿಂದು ಇಲ್ಲಿ, ಅವಳ್ದು ಅಲ್ಲಿ. ಅದಲುಬದಲಾಗಲ್ಲ" ಅಂದರು. ನನ್ನ ಮುಖ ನೋಡಿದವರು ಸುತ್ತಿಗೆ ಕೆಳಗಿಟ್ಟರು. "ಆವತ್ತು ನಾನು ಐಟಿಐ ಅಂದಿದ್ದು, ನಿಂಗೆ ಬೇಗ ಕೆಲ್ಸ ಸಿಗ್ಲಿ ಅಂತ ಕಣಮ್ಮ."

"ಸಿಕ್ತಲ್ಲಪ್ಪ" ಅಂದೆ. "ಬೇಗ್ನೇ ಸಿಕ್ತು."

ಹಳದಿ ಹೆಲ್ಮೆಟ್ಟನ್ನು ಹೊಸ ಮೊಳೆಗೆ ತೂಗುಹಾಕಿದೆ. ಮಾರನೆಯ ಬೆಳಿಗ್ಗೆ ಕರೆಂಟಿತ್ತು, ದೀಪ ಉರಿಯುತ್ತಿತ್ತು. ಆದರೂ ನನ್ನ ಕೈ ಹಳೆಯ ಮೊಳೆಗೇ ಹೋಯಿತು.