ಅಂಚು ಕತ್ತರಿಸಿದ ಬಳ್ಳಿ

ನಮ್ಮ ಸೋದರಮಾವನನ್ನು ನಾವೆಲ್ಲ ಕರೆಯುವುದು ಅಳತೆ ಮಾವ ಅಂತ. ಮೂವತ್ತು ವರ್ಷದಿಂದ ಆಫೀಸು, ಹೋಟೆಲುಗಳಿಗೆ ಕಾರ್ಪೆಟ್ ಹಾಸುವ ಕೆಲಸ. ಯಾರ ಮನೆಗೆ ಹೋದರೂ ಮೊದಲು ಮೂಲೆ ನೋಡುತ್ತಾನೆ, ಆಮೇಲೆ ಮನುಷ್ಯರನ್ನು.

ಅವನ ಬಾಡಿಗೆ ಮನೆಯ ಹಿತ್ತಲಲ್ಲಿ ಅತ್ತೆ ಒಂದು ಬಳ್ಳಿ ನೆಟ್ಟಿದ್ದಳು. ಪಕ್ಕದವರು ಕಿತ್ತು ಬಿಸಾಡಿದ್ದ, ಬೆರಳುದ್ದದ ತುಂಡು. ಮೇಲಕ್ಕೆ ಹತ್ತುವ ಜಾತಿಯಲ್ಲ ಅದು. ನೆಲಕ್ಕಂಟಿಕೊಂಡೇ ಹರಿದು, ಗೆಣ್ಣು ಮಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ. ಹನ್ನೊಂದು ವರ್ಷದಲ್ಲಿ ಒಗೆಯುವ ಕಲ್ಲಿನಿಂದ ಹಿಂದಿನ ಗೋಡೆವರೆಗೂ ಹಬ್ಬಿಬಿಟ್ಟಿತ್ತು.

“ಏನೇ ಇದು, ನನಗಿಂತ ಚೆನ್ನಾಗಿ ಹಾಸಿದೀಯಲ್ಲೇ!” ಅಂತ ಮಾವ ರೇಗಿಸುತ್ತಿದ್ದ.

“ನಿಮ್ದು ಸವೆಯುತ್ತೆ, ನಂದು ಬೆಳೆಯುತ್ತೆ. ಸುಮ್ನಿರಿ,” ಅನ್ನುತ್ತಿದ್ದಳು ಅತ್ತೆ.

ಹೋದ ವರ್ಷ ಅತ್ತೆ ತೀರಿಕೊಂಡಳು. ಅವರಿಗೆ ಮಕ್ಕಳಿಲ್ಲ. ಅವಳ ಬಟ್ಟೆಬರೆಯನ್ನೆಲ್ಲ ಮಾವ ಕೊಟ್ಟುಬಿಟ್ಟ. ಉಳಿಸಿಕೊಂಡಿದ್ದು ಆ ಬಳ್ಳಿ ಒಂದೇ. ಅಷ್ಟರಲ್ಲಿ ಓನರ್ ಬಂದು, ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸಬೇಕು, ತಿಂಗಳೊಳಗೆ ಮನೆ ಬಿಡಿ ಅಂದ.

ಅಮ್ಮ ಹೇಳಿದಳು, “ನಾಲ್ಕು ತುದಿ ಕಿತ್ತು ಕುಂಡದಲ್ಲಿಟ್ಕೋ ಅಣ್ಣ.”

“ನಾಲ್ಕು ತುದಿ ಯಾಕೆ? ಪೂರ್ತಿ ಎತ್ಕೊಂಡು ಹೋಗ್ತೀನಿ. ಎಂಥೆಂಥಾ ಹಾಲ್‌ಗಳ ಕಾರ್ಪೆಟ್ ಎತ್ತಿದವನು ನಾನು!”

ಭಾನುವಾರ ನಾನೂ ಹೋದೆ. ಮಾವ ಮಂಡಿಗೆ ಪಟ್ಟಿ ಕಟ್ಟಿಕೊಂಡು, ದಾರ ಹಿಡಿದು ಗೆರೆ ಎಳೆದು, ಕೊಕ್ಕೆ ಚಾಕುವಿನಿಂದ ನಾಲ್ಕೂ ಅಂಚನ್ನು ಕತ್ತರಿಸಿದ. “ಅಂಚು ಎಳೆಎಳೆಯಾಗಿ ಬಿಟ್ರೆ ಹಾಸಿದ ಮೇಲೆ ಏಳುತ್ತೆ ಕಣೋ,” ಅಂದ. ಆಮೇಲೆ ಬಳ್ಳಿಯ ಕೆಳಗೆ ಸಲಿಕೆ ತೂರಿಸಿ, ಉದ್ದುದ್ದ ಪಟ್ಟಿಗಳಾಗಿ ಸೀಳಿ, ಸುರುಳಿ ಸುತ್ತಿ, ಹಗ್ಗ ಬಿಗಿದ. ಕತ್ತರಿಸಿದ ಚಿಗುರನ್ನು ಎರಡು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದವನು ನಾನೇ.

ಹೊಸ ಮನೆ ಮೂರನೇ ಮಹಡಿ. ತಾರಸಿಯ ಮೇಲೆ ಅಗಲ ತಟ್ಟೆಗಳಲ್ಲಿ ಮಣ್ಣು ತುಂಬಿ ಬಳ್ಳಿಯನ್ನು ಹಾಸಿದ. “ಜಾಯಿಂಟ್ ಎಲ್ಲಿದೆ ಹೇಳು ನೋಡೋಣ?” ಅಂದ. ಎಷ್ಟು ಹುಡುಕಿದರೂ ನನಗೆ ಕಾಣಲಿಲ್ಲ. ಅತ್ತೆ ಹೋದಮೇಲೆ ಅವನು ನಕ್ಕಿದ್ದು ಅವತ್ತೇ.

ಎರಡು ವಾರಕ್ಕೆ ಎಲೆ ಹಳದಿಯಾಯಿತು. ಎರಡು ಹೊತ್ತೂ ನೀರು ಹಾಕಿದ, ನೆರಳು ಕಟ್ಟಿದ. ಕೊನೆಗೆ ನರ್ಸರಿಯ ಹೆಂಗಸನ್ನು ಕರೆತಂದ. ಅವಳು ಒಂದು ಮೂಲೆ ಎತ್ತಿ ನೋಡಿದಳು.

“ನಡುವಿಂದು ಬರೀ ಹಳೇ ಕಡ್ಡಿ ಅಣ್ಣಾ. ಜೀವ ಇರೋದೆಲ್ಲ ಅಂಚಿನ ಚಿಗುರಲ್ಲಿ. ಅದೆಲ್ಲಿ?”

“ಕತ್ತರಿಸಿದೆ.”

“ಅಯ್ಯೋ, ಯಾಕೆ?”

“ನೆಟ್ಟಗಿರಲಿ ಅಂತ.”

ಅವಳನ್ನು ಕಳಿಸಿ ಇಬ್ಬರೂ ಹಳೇ ಮನೆಗೆ ಓಡಿದೆವು. ಒಂದು ಗೆಣ್ಣು ಸಿಕ್ಕರೂ ಸಾಕಿತ್ತು. ಹಿತ್ತಲ ತುಂಬ ಬೂದುಬಣ್ಣದ ಕಾಂಕ್ರೀಟ್. ಗೋಡೆಯ ಬುಡಕ್ಕೆ ಹೋಗಲು ಮಾವ ಕಾಲೆತ್ತಿದ. “ಹೇ, ಕಾಲಿಡಬೇಡಿ ಸಾರ್, ಹಸಿ ಇದೆ!” ಅಂತ ಮೇಸ್ತ್ರಿ ಕೂಗಿದ.

“ಅದೇ ಗಿಡ ನರ್ಸರೀಲಿ ರಾಶಿ ಸಿಗುತ್ತಲ್ಲ ಅಣ್ಣ,” ಅಂದಳು ಅಮ್ಮ, ನಾವು ಬರಿಗೈಲಿ ವಾಪಸು ಬಂದಾಗ.

“ಸಿಗುತ್ತಮ್ಮ,” ಅಂದ. ತರಲಿಲ್ಲ.

ಮೊನ್ನೆ ಎಲ್ಲವನ್ನೂ ತೆಗೆದೆವು. ಎಳೆದ ಕೂಡಲೇ ಮಣ್ಣಿನಿಂದ ಬಿಟ್ಟುಕೊಂಡು ಬಂತು, ಹಿಡಿತವೇ ಇರಲಿಲ್ಲ. ಬಕೆಟ್ಟಿಗೆ ತುಂಬಿ ಕೆಳಗಿಳಿಸುತ್ತಿದ್ದೆ. ಕೊನೆಯ ಬಕೆಟ್ಟಿನ ಮುಂದೆ ಮಾವ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗೆಣ್ಣನ್ನು ಉಗುರಿನಿಂದ ಕೆರೆದು ನೋಡಿದ. ಒಳಗೆಲ್ಲೂ ಹಸಿರಿರಲಿಲ್ಲ.

“ಇಳಿಸು,” ಅಂದ.