ಮುಂಬಾಗಿಲ ಬಳಿ ಕಾಯುವ ಅರ್ಡೀಲಿಯಾ

ಮಿಲ್ವಾಕಿಯ ಉತ್ತರ ಭಾಗದಲ್ಲಿ ಇನ್ನೂ ಬೆಳಕು ಹರಿದಿಲ್ಲ. ವ್ಯಾನಿನ ಗಾಜಿಗೆ ಅಂಟಿದ ಹಿಮವನ್ನು ಕೆರೆಯುತ್ತಿರುವ ಅರ್ಡೀಲಿಯಾ ಪ್ರುವಿಟ್, ಎದುರು ಮನೆಯ ಮೆಟ್ಟಿಲಿಳಿದು ಬರುವ ಗಂಡಸನ್ನು ಮಾತಾಡಿಸುತ್ತಾರೆ. "ಕಾಲಿಗೆ ತಿಂಡಿ ಹಾಕಿದ್ಯಾ?"

"ಹಾಕ್ದೆ, ಮಿಸ್ ಅರ್ಡೀಲಿಯಾ. ನಂಗೇ ಏನೂ ಇಳೀಲಿಲ್ಲ, ಅದರ ಹೊಟ್ಟೆ ಮಾತ್ರ ತುಂಬಿದೆ." ರಾಸ್ಕೋ ಟಿಲ್‌ಮನ್ ಪ್ಯಾಂಟಿನ ಅಂಚು ಎತ್ತಿ, ಕಣಕಾಲಿಗೆ ಬಿಗಿದ ಕಪ್ಪು ಎಲೆಕ್ಟ್ರಾನಿಕ್ ಪಟ್ಟಿ ತೋರಿಸುತ್ತಾನೆ. ಅದರ ಚಾರ್ಜು ಇಳಿದರೆ ಅವನು ಎಲ್ಲಿದ್ದಾನೆಂದು ಸರ್ಕಾರಕ್ಕೆ ತಿಳಿಯದು. ತಿಳಿಯದಿದ್ದರೆ ಅದೇ ಒಂದು ತಪ್ಪು.

ವಯಸ್ಸಿನ ಹುಮ್ಮಸ್ಸಿನಲ್ಲಿ ಅಂಗಡಿಯೊಂದನ್ನು ದೋಚಿ ಜೈಲು ಸೇರಿದವನು ರಾಸ್ಕೋ. ಈಗ ಶಿಕ್ಷೆಯ ಉಳಿದ ಭಾಗವನ್ನು ಪೆರೋಲ್ ಮೇಲೆ ಹೊರಗೆ ಕಳೆಯುತ್ತಿದ್ದಾನೆ. ಕುಡಿಯುವಂತಿಲ್ಲ, ಹೇಳದೆ ಮನೆ ಬದಲಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ಕೌಂಟಿಯ, ಅಂದರೆ ಜಿಲ್ಲೆಯ, ಗಡಿ ದಾಟುವಂತಿಲ್ಲ. ಇಂಥದೊಂದು ಷರತ್ತು ಮುರಿದರೆ ಮತ್ತೆ ಒಳಗೆ. ನಮ್ಮ ರಾಜ್ಯದ ಸೆರೆಮನೆಗಳು ತುಂಬುವುದು ಹೊಸ ಅಪರಾಧಗಳಿಂದಷ್ಟೇ ಅಲ್ಲ, ಹೀಗೆ ವಾಪಸು ಹೋಗುವವರಿಂದಲೂ.

ಇಂಥವರನ್ನು ಪೆರೋಲ್ ಅಧಿಕಾರಿಯ ಮುಂದೆ ಹೊತ್ತಿಗೆ ಸರಿಯಾಗಿ ನಿಲ್ಲಿಸುವುದೇ ಅರ್ಡೀಲಿಯಾ ಅವರ ಕೆಲಸ. ಚರ್ಚು ಹಳೆಯ ವ್ಯಾನೊಂದನ್ನು ಕೊಟ್ಟಿದೆ. ನಸುಕಿಗೆ ಹೊರಟರೆ ಮಧ್ಯಾಹ್ನದವರೆಗೂ ಓಡಾಟ. ಬಸ್ಸು ಕೈಕೊಟ್ಟವರು, ರಾತ್ರಿ ಪಾಳಿ ಮುಗಿಸಿ ತೂಕಡಿಸುವವರು, ವಿಳಾಸ ಹುಡುಕಲು ಬಾರದವರು, ಎಲ್ಲರೂ ಇವರಿಗೇ ಫೋನು ಮಾಡುತ್ತಾರೆ. ಇವರ ಬಗ್ಗೆ ಬರೆಯಲೆಂದು ಇವತ್ತು ನಾನೂ ವ್ಯಾನು ಹತ್ತಿದ್ದೇನೆ.

"ನನ್ನ ತಮ್ಮ ಓಡೆಲ್ ಕೂಡ ಪೆರೋಲ್ ಮೇಲಿದ್ದ, ಯಾರ ತಂಟೆಗೂ ಹೋಗಿರ್ಲಿಲ್ಲ," ಎನ್ನುತ್ತಾರೆ ಅವರು. "ಬಾಡಿಗೆ ಮನೆ ಯಜಮಾನ ಹೊರಗೆ ಹಾಕ್ದ. ಗೆಳೆಯನ ಮನೇಲಿ ಮಲಕ್ಕೊಂಡ. ಹೊಸ ವಿಳಾಸ ಹೇಳ್ಲಿಲ್ಲ ಅಂತ ಎಳ್ಕೊಂಡು ಹೋದ್ರು. ಅವನು ಒಳಗಿರೋವಾಗ್ಲೇ ಅಮ್ಮ ಹೋದ್ಲು. ಆಮೇಲೆ ನಂಗೆ ಮನೇಲಿ ಕೂರೋಕ್ಕಾಗ್ಲಿಲ್ಲ."

ಇವತ್ತಿನ ಓಡಾಟ ಮಾತ್ರ ದಿನದಂತಲ್ಲ. ಕಾರಣವಿದೆ. ಭಾನುವಾರ ಪಕ್ಕದ ವಾಕೆಷಾ ಕೌಂಟಿಯಲ್ಲಿ ತಾಯಿಯೊಂದಿಗಿರುವ ರಾಸ್ಕೋನ ನೀವಾ ಎಂಬ ಮಗಳಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದ್ದರು. ಅಧಿಕಾರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಸಂದೇಶ ಬಿಟ್ಟು ರಾಸ್ಕೋ ಹೊರಟ. ಗಡಿ ದಾಟಿಸಿದ್ದು ಇದೇ ವ್ಯಾನು. ಕಾಲಿನ ಪಟ್ಟಿ ಅಷ್ಟನ್ನೂ ಗುರುತು ಹಾಕಿಕೊಂಡಿತ್ತು. ನಿನ್ನೆ ಕರೆ ಬಂತು: ನಾಳೆ ಬೆಳಿಗ್ಗೆ ಬಂದು ಕಾಣು.

"ಬೇಡ ಅನ್ನಬೇಕಿತ್ತಾ ನಾನು?" ಎಂದು ಅವರು ನನ್ನನ್ನೇ ಕೇಳುತ್ತಾರೆ.

ಪೆರೋಲ್ ಕಚೇರಿಯ ಮುಂದೆ ವ್ಯಾನು ನಿಲ್ಲುತ್ತದೆ. ಇಲ್ಲಿ ಮುಂಬಾಗಿಲಿಂದ ಒಳಹೋದ ಕೆಲವರನ್ನು ಹಿಂಬಾಗಿಲಿಂದ ಜೈಲಿಗೆ ಸಾಗಿಸುತ್ತಾರೆ. ರಾಸ್ಕೋ ಮನೆಯ ಕೀಲಿ, ಫೋನು, ವಾಚು ತೆಗೆದು ಅರ್ಡೀಲಿಯಾ ಅವರ ಮಡಿಲಿಗೆ ಹಾಕುತ್ತಾನೆ. "ನಾನು ಬರ್ಲಿಲ್ಲ ಅಂದ್ರೆ, ಕೆಲಸಕ್ಕೆ ಬರಲ್ಲ ಅಂತ ಬೇಕರಿಗೆ ಹೇಳ್ಬಿಡಿ. ನೀವಾಗೆ ಮಾತ್ರ ಹೇಳ್ಬೇಡಿ."

"ಬಾಯ್ಮುಚ್ಕೊಂಡು ನಡಿ. ಸಂಜೆ ನೀನೇ ಮಾತಾಡು ಅವಳ ಹತ್ರ."

ಅವನು ಒಳಹೋಗುತ್ತಾನೆ. ಮುಂಬಾಗಿಲ ಮೆಟ್ಟಿಲ ಮೇಲೆ ಅರ್ಡೀಲಿಯಾ ಕೂರುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ಅಂಗಳದ ಮೂಲೆಯಲ್ಲಿ ಜೈಲಿನ ಬಿಳಿ ಗಾಡಿಯೊಂದು ಎಂಜಿನ್ ಆರಿಸದೆ ನಿಂತಿದೆ. ಅದನ್ನು ಕಂಡದ್ದೇ ಅವರು ಒಳನುಗ್ಗುತ್ತಾರೆ. ಬಾಗಿಲು ತೆರೆದಿದ್ದ ಕೋಣೆಯಲ್ಲಿ ರಾಸ್ಕೋ ತಲೆ ತಗ್ಗಿಸಿ ಕುಳಿತಿದ್ದಾನೆ.

"ಅವನನ್ನ ಕರ್ಕೊಂಡು ಹೋಗಿದ್ದು ನಾನು ಮೇಡಂ," ಎನ್ನುತ್ತಾರೆ ಅರ್ಡೀಲಿಯಾ. "ಮಗು ಬಾಯಿಗೆ ಕೊಳವೆ ಕಟ್ಟಿದ್ರು. ಅವನು ಪಕ್ಕದಲ್ಲೇ ಕೂತಿದ್ದ, ಮತ್ತೆಲ್ಲೂ ಹೋಗ್ಲಿಲ್ಲ. ವಾಪಸು ತಂದು ಬಿಟ್ಟಿದ್ದೂ ನಾನೇ."

ಅಧಿಕಾರಿ ಬ್ರಿಟಾ ಕ್ಲೂಗ್ ಈ ಕೆಲಸಕ್ಕೆ ಹೊಸಬರು. "ನೀವು ಇವರ ವಕೀಲರಾ?"

"ಅಲ್ಲ. ಡ್ರೈವರ್."

"ಇದನ್ನ ನಾನೊಬ್ಬಳೇ ತೀರ್ಮಾನ ಮಾಡೋ ಹಾಗಿಲ್ಲ. ಮೇಲಿನವರನ್ನ ಕೇಳ್ಬೇಕು. ಹೊರಗೆ ಕೂತಿರಿ."

ಹೊರಗಿನ ಬೆಂಚಿನಲ್ಲಿ ಕೂತು ಅರ್ಡೀಲಿಯಾ ಪ್ರಾರ್ಥಿಸುತ್ತಾರೆ. ತುಟಿ ಮಾತ್ರ ಅಲುಗುತ್ತದೆ. ಒಳಗೆ ಎಲ್ಲೋ ಬಾಗಿಲು ಬಡಿಯುತ್ತದೆ. ಕಿಟಕಿಯಾಚೆ ಇಬ್ಬರು ಪೊಲೀಸರು ಒಬ್ಬನನ್ನು ಬಿಳಿ ಗಾಡಿಗೆ ಹತ್ತಿಸುತ್ತಾರೆ. ತಲೆಗೆ ಟೋಪಿಯಿದೆ, ಮುಖ ಕಾಣುವುದಿಲ್ಲ. ಅರ್ಡೀಲಿಯಾ ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಗಾಡಿ ಹೊರಟುಹೋಗುತ್ತದೆ.

ಅದಾದ ಮೇಲೂ ಬಹಳ ಹೊತ್ತು ಕಳೆದು ರಾಸ್ಕೋ ಹೊರಬರುತ್ತಾನೆ, ಬೆವರಿನಲ್ಲಿ ತೊಯ್ದು. ಬಿಟ್ಟ ಸಂದೇಶ ಸಿಕ್ಕಿದೆ, ಆಸ್ಪತ್ರೆಯವರೂ ಹೌದೆಂದಿದ್ದಾರೆ. ಈ ಸಲಕ್ಕೆ ಎಚ್ಚರಿಕೆ ಮಾತ್ರ. ಇನ್ನು ವಾರವಾರವೂ ಬರಬೇಕು. ಮತ್ತೊಮ್ಮೆ ಗಡಿ ದಾಟಿದರೆ ಮಾತಿಲ್ಲ, ನೇರ ಜೈಲು.

"ಮತ್ತೆ ಅವಳಿಗೆ ಉಸಿರು ಕಟ್ಟಿದ್ರೆ?" ಎಂದು ಅವನು ಕೇಳುತ್ತಾನೆ. ಅರ್ಡೀಲಿಯಾ ಕೀಲಿ, ಫೋನು, ವಾಚನ್ನು ಅವನ ಕೈಗಿತ್ತು ಬೆನ್ನು ಸವರುತ್ತಾರೆ.

ಅವನನ್ನು ಬೇಕರಿಯ ಬಳಿ ಇಳಿಸಿ ಮುಂದಿನ ಮನೆಗೆ ಹೊರಟಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ.

"ನಾನು ಪ್ರಾರ್ಥನೆಗೆ ತಡವಾಗಿ ಹೋದ್ರೆ ಪಾದ್ರಿಗಳು, 'ಏನಾಯ್ತಮ್ಮ, ಎಲ್ಲಾ ಕ್ಷೇಮ ತಾನೇ' ಅಂತಾರೆ. ಈ ಹುಡುಗರನ್ನೂ ಯಾರಾದ್ರೂ ಮೊದಲು ಹಾಗೆ ಕೇಳ್ಲಿ. ಶಿಕ್ಷೆ ಏನಿದ್ರೂ ಆಮೇಲೆ."